ನಾಯಕತ್ವ ಎಲ್ಲರೂ ಕಲಿಸ್ತಾರೆ, ಸರಿಯಾಗಿ ಹಿಂಬಾಲಿಸೋದು ಹೇಗೆ?

ಸಾಲಿನ_ಕೊನೆಯವ:
ನಾಯಕತ್ವದ ಬಗ್ಗೆ ತರಬೇತಿ, ಭಾಷಣ ಬೇಕಾದಷ್ಟಿವೆ. ಆದ್ರೆ ಹತ್ತು ಜನರ ತಂಡದಲ್ಲಿ ಒಂಬತ್ತು ಜನ ಹಿಂಬಾಲಿಸೋರೇ ಅಲ್ವಾ? ಅವರಿಗೆ ಯಾರೂ ಏನೂ ಹೇಳಿಕೊಡಲ್ಲ. ಎರಡು ಪ್ರಶ್ನೆ. ಮೀಟಿಂಗಲ್ಲಿ ಎಲ್ಲರೂ ಹೂಂ ಅಂತಾರೆ, ಹೊರಗೆ ಬಂದ ಮೇಲೆ ಕೆಲಸ ಬೇರೆಯೇ ದಾರಿ ಹಿಡಿಯುತ್ತೆ. ಇದು ನಾಯಕನ ತಪ್ಪಾ, ತಂಡದ್ದಾ? ಇನ್ನೊಂದು, ಮೇಲಿನವರ ನಿರ್ಧಾರ ತಪ್ಪು ಅನ್ನಿಸಿದಾಗ ಎಲ್ಲಿವರೆಗೆ ವಾದಿಸಬೇಕು, ಎಲ್ಲಿಂದ ಬಾಯಿಮುಚ್ಚಿ ಕೆಲಸ ಮಾಡ್ಬೇಕು? ನೀತಿಪಾಠ ಬೇಡ, ನಾಳೆಯೇ ಮಾಡಿ ನೋಡಬಹುದಾದದ್ದು ಹೇಳಿ.

ಬಲಸೀಟು:
ಈ ಪ್ರಶ್ನೆಗೆ ಭಾರೀ ಬೆಲೆ ತೆತ್ತು ಉತ್ತರ ಕಂಡುಕೊಂಡದ್ದು ವಿಮಾನಯಾನ. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲೆಂಡ್ ಬಳಿ ಯುನೈಟೆಡ್ 173 ವಿಮಾನ ಇಂಧನ ಖಾಲಿಯಾಗಿ ಬಿತ್ತು, 10 ಜನ ಸತ್ತರು. ಚಕ್ರ ಸರಿಯಾಗಿ ಕೆಳಗಿಳಿದಿದೆಯೋ ಇಲ್ಲವೋ ಅನ್ನೋ ಚಿಂತೆಯಲ್ಲಿ ಕ್ಯಾಪ್ಟನ್ ಸುಮಾರು ಒಂದು ಗಂಟೆ ಸುತ್ತು ಹೊಡೆಸಿದರು. ಕಾಕ್‌ಪಿಟ್‌ನಲ್ಲಿ ಇಂಧನದ ಮಾತು ಬಂದೇ ಇತ್ತು. ಆದರೆ ಅದು ಲೆಕ್ಕ ಒಪ್ಪಿಸಿದ ಹಾಗಿತ್ತೇ ಹೊರತು "ಈಗಲೇ ಇಳಿಸಬೇಕು" ಅನ್ನೋ ಧಾಟಿಯಲ್ಲಿರಲಿಲ್ಲ. ತನಿಖಾ ವರದಿ ಮುಖ್ಯ ಕಾರಣವನ್ನು ಕ್ಯಾಪ್ಟನ್ ಮೇಲೆ ಹೊರಿಸಿತು. ಅದರ ಜೊತೆಗೆ, ಕಾಕ್‌ಪಿಟ್‌ನಲ್ಲಿದ್ದ ಉಳಿದಿಬ್ಬರು ಸಿಬ್ಬಂದಿ ಅಪಾಯ ಎಷ್ಟು ಹತ್ತಿರ ಇದೆ ಅಂತ ಅರಿಯಲಿಲ್ಲ, ಇಲ್ಲವೇ ಅದನ್ನು ಕ್ಯಾಪ್ಟನ್‌ಗೆ ಮನದಟ್ಟು ಮಾಡಲಿಲ್ಲ ಅನ್ನೋದನ್ನೂ ಕಾರಣವಾಗಿ ಬರೆಯಿತು. ಅಂದ್ರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ಇಬ್ಬರದ್ದೂ, ಆದರೆ ಸಮಪಾಲಲ್ಲ.

ಆಮೇಲೆ ಪೈಲಟ್‌ಗಳ ತರಬೇತಿಯೇ ಬದಲಾಯಿತು. ಕಿರಿಯರಿಗೆ ಮಾತಾಡೋದನ್ನು ಐದು ಹೆಜ್ಜೆಯಲ್ಲಿ ಕಲಿಸ್ತಾರೆ: ಕರೆದು ಗಮನ ಸೆಳೆಯೋದು, ಆತಂಕ ಇದೆ ಅಂತ ಹೇಳೋದು, ತೊಂದರೆಯನ್ನು ಅಂಕಿಸಮೇತ ಇಡೋದು, ಪರಿಹಾರ ಸೂಚಿಸೋದು, ಒಪ್ಪಿಗೆ ಕೇಳೋದು. ಕಚೇರಿಯಲ್ಲಾದರೆ ಹೀಗೆ: "ಸರ್, ಒಂದು ನಿಮಿಷ. ಈ ಗಡುವಿನ ಬಗ್ಗೆ ನನಗೆ ಆತಂಕ ಇದೆ. ಪರೀಕ್ಷೆಗೆ ಮೂರು ದಿನ ಬೇಕು, ಇರೋದು ಒಂದು. ಹಣ ಪಾವತಿಯ ಭಾಗವನ್ನಷ್ಟೇ ಪರೀಕ್ಷಿಸಿ ಬಿಡುಗಡೆ ಮಾಡಿ, ಉಳಿದದ್ದನ್ನು ಮುಂದಿನ ವಾರಕ್ಕೆ ಇಟ್ಕೊಳ್ಳೋಣ. ಆಗಬಹುದಾ?"

ಕೆಡೋದು ಎಲ್ಲಿ ಅಂದ್ರೆ, ಬಹಳ ಜನ ಮೂರನೇ ಹೆಜ್ಜೆಗೇ ನಿಲ್ತಾರೆ. ಇನ್ನು ಕೆಲವರು "ಸ್ವಲ್ಪ ಕಷ್ಟ ಆಗಬಹುದೇನೋ ಅಲ್ವಾ ಸರ್" ಅಂತ ಎಷ್ಟು ನಯ ಮಾಡ್ತಾರೆ ಅಂದ್ರೆ ಕೇಳಿದವರಿಗೆ ಅದು ಎಚ್ಚರಿಕೆ ಅಂತಲೇ ಗೊತ್ತಾಗಲ್ಲ. ಉತ್ತರ ಬರದಿದ್ದರೆ ಅದನ್ನೇ ಬೇರೆ ಮಾತಲ್ಲಿ ಇನ್ನೊಮ್ಮೆ ಹೇಳಿ. ಎರಡನೇ ಸಲವೂ ಕಿವಿಗೆ ಬೀಳದಿದ್ದರೆ ಒಂದು ಹಂತ ಮೇಲಿನವರ ಹತ್ರ ಹೋಗಿ, ಆದರೆ ಹೋಗ್ತಿದ್ದೀನಿ ಅಂತ ಇವರಿಗೆ ಹೇಳಿಯೇ ಹೋಗಿ.

ತಂತಿಬೇಲಿ:
ಹೂಂಗುಟ್ಟುವುದು ಒಪ್ಪಿಗೆಯೂ ಅಲ್ಲ, ಅರ್ಥವಾಯಿತು ಎಂಬುದರ ಸೂಚನೆಯೂ ಅಲ್ಲ. "ಯಾರಿಗಾದ್ರೂ ಡೌಟ್ ಇದೆಯಾ?" ಎಂಬುದು ನಾಯಕ ಕೇಳಬಹುದಾದ ಪ್ರಶ್ನೆಗಳಲ್ಲೇ ಅತ್ಯಂತ ನಿಷ್ಪ್ರಯೋಜಕವಾದದ್ದು. ಅದರ ಬದಲು "ನಾನು ಸರಿಯಾಗಿ ಹೇಳಿದ್ದೀನಾ ನೋಡಬೇಕು, ನೀವು ಮೊದಲು ಏನು ಮಾಡ್ತೀರಿ ಹೇಳಿ" ಎಂದು ಅವರ ಬಾಯಿಂದಲೇ ಹೇಳಿಸಬೇಕು. ಕೆಲಸ ಒಪ್ಪಿಸುವಾಗ ಐದು ವಿಷಯ ಬಿಟ್ಟುಹೋಗಬಾರದು: ಏನು, ಯಾಕೆ, ಯಾವಾಗಿನೊಳಗೆ, ಯಾರ ಹೊಣೆ, ಯಾವ ಗೆರೆ ದಾಟುವ ಮುನ್ನ ಕೇಳಬೇಕು. ಸಾಮಾನ್ಯವಾಗಿ ಬಿಟ್ಟುಹೋಗುವುದು "ಯಾಕೆ". ಅದು ಗೊತ್ತಿಲ್ಲದಿದ್ದರೆ ಪರಿಸ್ಥಿತಿ ಬದಲಾದಾಗ ತಂಡ ಹಳೆಯ ಆದೇಶವನ್ನೇ ನಿಷ್ಠೆಯಿಂದ ಪಾಲಿಸಿ ಕೆಲಸ ಕೆಡಿಸುತ್ತದೆ. ಇನ್ನು ಹೊಣೆ "ನಾವೆಲ್ಲರೂ" ಎಂದಾದರೆ ಅದು ಯಾರದ್ದೂ ಅಲ್ಲ. ಒಂದೇ ಹೆಸರು ಇರಬೇಕು.

ಚರ್ಚೆಯಲ್ಲಿ ನಾಯಕ ಕೊನೆಗೆ ಮಾತಾಡಬೇಕು, ಮೊದಲ ಮಾತು ಅತಿ ಕಿರಿಯರದ್ದಾಗಬೇಕು. ಮಾತು ಶುರುವಾಗುವ ಮೊದಲು ಮೂರು ನಿಮಿಷ ಎಲ್ಲರೂ ತಮ್ಮ ಅಭಿಪ್ರಾಯ ಚೀಟಿಯಲ್ಲಿ ಬರೆದರೆ ಇನ್ನೂ ಒಳ್ಳೆಯದು. 1950ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಗೆರೆಗಳ ಉದ್ದ ಹೋಲಿಸುವ ಪ್ರಯೋಗ ಮಾಡಿದರು. ಮೊದಲೇ ಹೇಳಿಕೊಟ್ಟಿದ್ದ ಗುಂಪು ಒಕ್ಕೊರಲಿನಿಂದ ತಪ್ಪು ಹೇಳಿದಾಗ, ಕಣ್ಣಿಗೆ ಕಾಣುವಂಥ ವಿಷಯದಲ್ಲೂ ಸರಿಸುಮಾರು ಮೂರನೇ ಒಂದು ಪಾಲು ಉತ್ತರಗಳು ಗುಂಪಿನ ಕಡೆಗೇ ವಾಲಿದವು. ಗುಂಪಿನಲ್ಲಿ ಸರಿ ಹೇಳುವ ಒಬ್ಬನೇ ಒಬ್ಬ ಜೊತೆಗಾರನಿದ್ದರೆ ಆ ವಾಲುವಿಕೆ ಬಹಳಷ್ಟು ಇಳಿಯಿತು. ಹಾಗೆಂದು ಒಬ್ಬರನ್ನು "ನೀನು ಇವತ್ತು ವಿರೋಧಿಸು" ಎಂದು ನೇಮಿಸಿದರೆ ಅದು ನಾಟಕವಾಗುತ್ತದೆ. "ಆರು ತಿಂಗಳಾದ ಮೇಲೆ ಈ ಯೋಜನೆ ಮುಗ್ಗರಿಸಿದೆ ಅಂದ್ಕೊಳ್ಳಿ, ಕಾರಣ ಏನಿರಬಹುದು?" ಎಂದು ಎಲ್ಲರಿಂದಲೂ ಬರೆಸುವುದು ಮೇಲು.

ಒಬ್ಬರ ಕೈಕೆಳಗೆ ಎಷ್ಟು ಜನ ಎಂಬುದೂ ಮುಖ್ಯ. ಅಗ್ನಿಶಾಮಕ, ವಿಪತ್ತು ನಿರ್ವಹಣೆಯ ಕಮಾಂಡ್ ವ್ಯವಸ್ಥೆಗಳಲ್ಲಿ ಇದನ್ನು 3ರಿಂದ 7, ಐದಿದ್ದರೆ ಚೆನ್ನ ಎಂದು ಇಟ್ಟುಕೊಳ್ಳುತ್ತಾರೆ.

ಕಡತಪ್ರಿಯ:
ಮೇಲಿನ ಇಬ್ಬರೂ ಹೇಳಿದ್ದು ಸರಿಯೇ. ಆದರೆ ವಿರೋಧಿಸೋದನ್ನೇ ದೊಡ್ಡದು ಮಾಡಿ, ಸುಮ್ಮನೆ ಹಿಂಬಾಲಿಸೋದರ ಬೆಲೆಯನ್ನು ಮರೆತಿದ್ದಾರೆ ಅನ್ನಿಸ್ತು. ಹೆಚ್ಚಿನ ತಂಡಗಳು ಹಾಳಾಗೋದು ಕೆಟ್ಟ ನಿರ್ಧಾರದಿಂದಲ್ಲ, ಅರೆಮನಸ್ಸಿಂದ ಜಾರಿಯಾದ ಸಾಧಾರಣ ನಿರ್ಧಾರದಿಂದ. ಅರ್ಧ ಜನ ಹೊಸ ವಿಧಾನ, ಅರ್ಧ ಜನ ಹಳೇ ವಿಧಾನ ಹಿಡಿದರೆ, ನಿರ್ಧಾರ ಸರಿಯಿತ್ತೋ ತಪ್ಪಿತ್ತೋ ಅಂತ ಕೊನೆಗೂ ತಿಳಿಯಲ್ಲ. ಯಾಕಂದ್ರೆ ಅದನ್ನು ಯಾರೂ ಪೂರ್ತಿ ಮಾಡಿ ನೋಡಿಲ್ಲ! ಎದುರಿಗೆ ಒಪ್ಪಿ, ಹಿಂದಿನಿಂದ ನಿಧಾನ ಮಾಡೋರಿಗಿಂತ ಎದುರಿಗೇ ಜಗಳ ಆಡೋರು ಎಷ್ಟೋ ವಾಸಿ.

ಗೆರೆ ಎಲ್ಲಿ ಅಂತ ಕೇಳಿದ್ರಲ್ಲ. ನಿರ್ಧಾರ ಆಗೋ ತನಕ ನಿಮ್ಮ ಆಕ್ಷೇಪ ಪೂರ್ತಿ ಇಡಿ. ಆದ ಮೇಲೆ ನಿಮ್ಮದೇ ನಿರ್ಧಾರ ಅನ್ನೋ ಹಾಗೆ ಮಾಡಿ, "ನಾನು ಆಗಲೇ ಹೇಳಿದ್ದೆ" ಅನ್ನೋ ಮಾತು ಬೇಡ. ಹೊಸ ಮಾಹಿತಿ ಬಂದರೆ ಮಾತ್ರ ಮತ್ತೆ ಎತ್ತಿ; ಹಳೇ ಅಸಮಾಧಾನ ಹೊಸ ಮಾಹಿತಿ ಅಲ್ಲ. ಇದಕ್ಕೆ ಹೊರತಾದವು ಮೂರೇ: ಜೀವಕ್ಕೆ ಅಪಾಯ, ಕಾನೂನು ಮುರಿಯೋದು, ಸುಳ್ಳು ದಾಖಲೆ. ಅಲ್ಲಿ ನಿರ್ಧಾರ ಆಗಿದ್ರೂ ಒಲ್ಲೆ ಅನ್ನಲೇಬೇಕು, ಬರವಣಿಗೆಯಲ್ಲಿ.

ಒಬ್ಬರೇ ಒಲ್ಲೆ ಅನ್ನೋದು ಕಷ್ಟ, ಅದೂ ನಿಜ. ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ 1960ರ ದಶಕದ ಆರಂಭದಲ್ಲಿ ಮಾಡಿದ ಪ್ರಯೋಗದಲ್ಲಿ, ಇನ್ನೊಬ್ಬರಿಗೆ ಶಾಕ್ ಕೊಡ್ತಿದ್ದೇವೆ ಅಂತ ನಂಬಿದ್ದ 40 ಜನರಲ್ಲಿ 26 ಮಂದಿ ಹೇಳಿದಂತೆ ಕೊನೆಯ 450 ವೋಲ್ಟ್ ಗುಂಡಿವರೆಗೂ ಹೋದರು. ಅದೇ ಪ್ರಯೋಗದ ಇನ್ನೊಂದು ರೂಪದಲ್ಲಿ, ಜೊತೆಗೆ ಕೂತ ಇಬ್ಬರು ಮುಂದುವರಿಸಲ್ಲ ಅಂದಾಗ ಆ ಸಂಖ್ಯೆ 40ರಲ್ಲಿ 4ಕ್ಕೆ ಇಳಿಯಿತು. ಹಾಗಾಗಿ ಮೊದಲು ಒಬ್ಬ ಸಹೋದ್ಯೋಗಿಯ ಹತ್ರ ಮಾತಾಡಿ, ಇಬ್ಬರಾಗಿ ಹೋಗಿ.

ಸಾಲಿನ_ಕೊನೆಯವ:
ಎಲ್ಲರಿಗೂ ಧನ್ಯವಾದ. ಬಲಸೀಟು ಅವರೇ, ಐದೂ ಹೆಜ್ಜೆ ಸರಿಯಾಗಿ ಇಟ್ಟರೂ ನಾಯಕ ಅದನ್ನು ಅವಮಾನ ಅಂದ್ಕೊಂಡ್ರೆ?

ಬಲಸೀಟು:
ಹತ್ತು ಜನರ ಮುಂದೆ ಹೇಳಿದ್ರೆ ಅಂದ್ಕೊಳ್ತಾರೆ. ತುರ್ತು ಇಲ್ಲದಿದ್ದರೆ ಮೀಟಿಂಗಿಗೆ ಮೊದಲೇ, ಒಬ್ಬರೇ ಇದ್ದಾಗ ಹೇಳಿ. ಅವರ ಗುರಿಯಿಂದ ಶುರು ಮಾಡಿ: "ನೀವು ತಿಂಗಳ ಕೊನೆಗೆ ಮುಗಿಸಬೇಕು ಅಂದಿದ್ರಿ, ಅದಕ್ಕೆ ಇದೊಂದು ಅಡ್ಡ ಬರುತ್ತೆ." ಆಮೇಲೆ ಅದೇ ದಿನ ಎರಡು ಸಾಲಿನ ಮೇಲ್: ನಾನು ಸೂಚಿಸಿದ್ದು ಇದು, ನೀವು ನಿರ್ಧರಿಸಿದ್ದು ಇದು, ನಾಳೆಯಿಂದ ಅದರಂತೆ ಶುರು ಮಾಡ್ತೀವಿ. ದೂರಿನ ಛಾಯೆ ಇರಬಾರದು, ಇನ್ನೊಬ್ಬರಿಗೆ ಪ್ರತಿ ಹಾಕಬೇಡಿ. ಸಿಟ್ಟು ಒಂದು ದಿನದ್ದಾದರೆ ಬಿಟ್ಟುಬಿಡಿ. ಕೆಟ್ಟ ಸುದ್ದಿ ತಂದವರಿಗೆಲ್ಲ ಪ್ರತಿ ಸಲವೂ ಅದೇ ಗತಿ ಅಂತಾದರೆ ಯಾವ ಹೆಜ್ಜೆಯೂ ಕೆಲಸಕ್ಕೆ ಬರಲ್ಲ, ಬೇರೆ ತಂಡ ನೋಡ್ಕೊಳ್ಳಿ.