‘ಬೀ’ಗೆ ‘ಹಿಡಿತ’ ಅನ್ನಬಹುದೇ? ಚೀನೀ ವೈದ್ಯದ ಸೊಂಟನೋವಿನ ಪದಗಳು

ಎಲ್ಲರಿಗೂ ನಮಸ್ಕಾರ.

ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಹಾಳಾದಾಗ ಚೀನಾದ ಸಾಂಪ್ರದಾಯಿಕ ವೈದ್ಯರು ಏನು ಮಾಡುತ್ತಾರೆ ಎಂಬ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ದಿನದಿಂದ ಒಂದೇ ಪದದ ಹತ್ತಿರ ನಿಂತುಬಿಟ್ಟಿದ್ದೇನೆ. ಆ ಪದ ‘ಬೀ’.

ಹಳೆಯ ಚೀನೀ ವೈದ್ಯದಲ್ಲಿ ಡಿಸ್ಕ್ ಎಂಬ ಮಾತಿಲ್ಲ. ಈಗಿನ ವೈದ್ಯರು ಡಿಸ್ಕಿನ ತೊಂದರೆಯನ್ನು ‘ಯಾವ್‌ಥೋಂಗ್’, ಅಂದರೆ ಸೊಂಟನೋವು, ಇಲ್ಲವೇ ‘ಬೀ’ ಎಂಬ ಗುಂಪಿಗೆ ಸೇರಿಸುತ್ತಾರೆ. ಸುಮಾರು 2000 ವರ್ಷ ಹಳೆಯ ‘ಹುವಾಂಗ್‌ದಿ ನೇಜಿಂಗ್’ ಗ್ರಂಥದಲ್ಲಿ ಇದಕ್ಕೆ ವಿವರಣೆ ಇದೆ. ಗಾಳಿ, ಚಳಿ, ತೇವ ಮೂರೂ ಬೆರೆತು ಮೈಗೆ ಹೊಕ್ಕರೆ ಬೀ. ಒಳಗೆ ಹರಿಯಬೇಕಾದದ್ದು ಕಟ್ಟಿಕೊಳ್ಳುತ್ತದೆ. ಅದರಿಂದ ನೋವು, ಜೋಮು, ಮರಗಟ್ಟುವಿಕೆ.

ಇಂಗ್ಲಿಷ್ ಪುಸ್ತಕಗಳು ಇದನ್ನು ‘ಪೇನ್‌ಫುಲ್ ಅಬ್‌ಸ್ಟ್ರಕ್ಷನ್’ ಮಾಡಿವೆ. ಅದನ್ನು ನೋಡಿ ನಾನು ಮೊದಲು ‘ವೇದನಾಯುಕ್ತ ಅವರೋಧ’ ಎಂದು ಬರೆದೆ. ಓದಿದರೆ ಏನೂ ಅರ್ಥವಾಗಲ್ಲ. ಆಮೇಲೆ ‘ವಾತ’ ಎಂದು ಬದಲಿಸಿದೆ. ಗಾಳಿ ಇದೆಯಲ್ಲ ಅಂತ. ಅದೂ ತಪ್ಪು. ಆಯುರ್ವೇದದ ವಾತ ಮೈಯೊಳಗೇ ಇರುವಂಥದ್ದು. ಬೀ ತರುವ ಗಾಳಿ ಹೊರಗಿನಿಂದ ಬರುವಂಥದ್ದು. ವಾತ ಎಂದರೆ ಓದುವವರ ತಲೆಯಲ್ಲಿ ಎರಡು ವೈದ್ಯಗಳು ಕಲಸಿಹೋಗುತ್ತವೆ.

ಮೊನ್ನೆ ಬೆಳಿಗ್ಗೆ ಅಮ್ಮ ರಂಗೋಲಿ ಹಾಕಲು ಬಗ್ಗಿದವರು ಹಾಗೇ ನಿಂತರು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಇನ್ನೊಂದರಲ್ಲಿ ರಂಗೋಲಿ ಪುಡಿ. “ಸೊಂಟ ಹಿಡ್ಕೊಂಡ್ಬಿಡ್ತು ಕಣೋ” ಅಂದರು. ಅವರನ್ನು ಕೂರಿಸಿ, ಬಿಸಿನೀರಿನ ಚೀಲ ಕೊಟ್ಟು ಬಂದ ಮೇಲೆ ಆ ಮಾತೇ ಕಿವಿಯಲ್ಲಿ ಉಳಿಯಿತು. ಹಿಡಿಯುವುದು! ಸೊಂಟ ಹಿಡಿಯುತ್ತೆ, ಕತ್ತು ಹಿಡಿಯುತ್ತೆ, ಜೋಮು ಹಿಡಿಯುತ್ತೆ. ಬೀ ಹೇಳುವ ನೋವು, ಬಿಗಿತ, ಜೋಮು ಮೂರೂ ಇದರಲ್ಲಿವೆ. ಆಯುರ್ವೇದದ ‘ಕಟಿಗ್ರಹ’ದಲ್ಲೂ ಗ್ರಹ ಅಂದರೆ ಹಿಡಿಯುವುದೇ ಅಲ್ವಾ?

ಬೀಯ ಒಳಭೇದಗಳಿಗೂ ಈ ಪದ ಒಗ್ಗುತ್ತದೆ. ಗಾಳಿ ಜಾಸ್ತಿಯಾದರೆ ‘ಶಿಂಗ್ ಬೀ’. ಶಿಂಗ್ ಅಂದರೆ ನಡೆ, ಸಾಗು. ನಾವೂ “ನೋವು ಓಡಾಡುತ್ತೆ” ಎನ್ನುತ್ತೇವೆ. ಹಾಗಾಗಿ ‘ಓಡಾಡುವ ಹಿಡಿತ’. ಚಳಿ ಜಾಸ್ತಿಯಾದರೆ ‘ಥೋಂಗ್ ಬೀ’, ಬರೀ ನೋವಿನ ಹಿಡಿತ. ತೇವ ಜಾಸ್ತಿಯಾದರೆ ‘ಜುವೋ ಬೀ’. ನೋವು ಒಂದೇ ಕಡೆ ಅಂಟಿಕೊಂಡು ಭಾರವಾಗಿ ಕೂರುತ್ತದೆ. ಇದಕ್ಕೆ ‘ಕೂತ ಹಿಡಿತ’ ಸಾಕೇ?

ತೊಡಕು ಒಂದೇ. “ಭಾಷೆಯ ಮೇಲೆ ಹಿಡಿತ” ಎಂಬ ಅರ್ಥ ಮುಂದೆ ಬಂದು ನಿಲ್ಲುತ್ತದೆ. ಅದರ ಬದಲು ‘ಉಳುಕು’ ಎಂದರೆ ಅರ್ಥ ಬೇರೆಯೇ ಆಗುತ್ತದೆ. ‘ಚಳುಕು’ ಫಕ್ಕನೆ ಬಂದು ಹೋಗುವ ನೋವು.

ಇನ್ನೊಂದು ಪದ ‘ಶೆನ್’. ಸೊಂಟ ಶೆನ್‌ನ ಮನೆ, ಮೂಳೆಗಳು ಅದರ ಸುಪರ್ದಿಯಲ್ಲಿ ಎನ್ನುತ್ತದೆ ಆ ವೈದ್ಯ. ‘ಮೂತ್ರಪಿಂಡ’ ಎಂದು ಬರೆದಿದ್ದೆ. ಅಮ್ಮ ಕರಡು ಓದಿ, “ಕಿಡ್ನೀನೂ ಹೋಗುತ್ತಾ?” ಎಂದು ಗಾಬರಿಯಾದರು. ಅಲ್ಲಿ ಶೆನ್ ಅಂದರೆ ಬರೀ ಅಂಗವಲ್ಲ, ಬೆಳವಣಿಗೆ, ಮುಪ್ಪು, ಮೈಯ ಮೂಲಶಕ್ತಿ ಎಲ್ಲ ಸೇರಿದ್ದು. ಅದನ್ನು ‘ಶೆನ್’ ಎಂದೇ ಉಳಿಸಿದ್ದೇನೆ.

ಡಿಸ್ಕ್ ‘ಸವೆತ’ದ ಬಗ್ಗೆಯೂ ಅನುಮಾನವಿದೆ. ಸವೆಯುವುದು ಅಂದರೆ ಚಪ್ಪಲಿಯಂತೆ ಉಜ್ಜಿ ತೆಳುವಾಗುವುದು. ಡಿಸ್ಕಿನ ನಡುವೆ ಇರುವುದು ಲೋಳೆಯಂಥ ತಿರುಳು. ಎಳೆಯ ವಯಸ್ಸಿನಲ್ಲಿ ಅದರಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ಪಾಲು ನೀರೇ. ವಯಸ್ಸಾದಂತೆ ನೀರು ಕಡಿಮೆಯಾಗುತ್ತದೆ. ಎಂಆರ್‌ಐ ಚಿತ್ರದಲ್ಲಿ ಬೆಳ್ಳಗೆ ಕಾಣಬೇಕಾದ ತಿರುಳು ಕಪ್ಪಗೆ ಕಾಣುತ್ತದೆ. ಚೀನೀಯರು ಇದಕ್ಕೆ ‘ತುಯ್‌ಬ್ಯೆನ್’ ಎನ್ನುತ್ತಾರೆ, ಹಿಂದಕ್ಕೆ ಸರಿಯುವ ಬದಲಾವಣೆ. ನನಗೆ ‘ಡಿಸ್ಕ್ ಬತ್ತುವುದು’ ಸರಿ ಅನ್ನಿಸುತ್ತದೆ. ಕೆರೆ ಬತ್ತಿದಂತೆ.

ಈ ಪದ ಆರಿಸಿದ ಮೇಲೆ ‘ವಾಸಿಯಾಗುತ್ತದೆ’ ಎಂದು ಬರೆಯಲು ಕೈ ಬರಲಿಲ್ಲ. ಮೂಲದಲ್ಲಿ ಸೂಜಿ ಚಿಕಿತ್ಸೆಯೂ (ಆಕ್ಯುಪಂಕ್ಚರ್) ಇದೆ, 7ನೇ ಶತಮಾನದ ವೈದ್ಯ ಸುನ್ ಸಿಮ್ಯಾವ್ ಬರೆದಿಟ್ಟ ಕಷಾಯವೂ ಇದೆ. ಆದರೆ ಬತ್ತಿದ ಡಿಸ್ಕಿಗೆ ಇವು ಮತ್ತೆ ನೀರು ತುಂಬುತ್ತವೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ನೋವಿನ ವಿಷಯದಲ್ಲೂ ಒಮ್ಮತವಿಲ್ಲ. ಸೊಂಟನೋವಿಗೆ ಸೂಜಿ ಚಿಕಿತ್ಸೆ ಕೊಡಬೇಡಿ ಎಂದು ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಹೇಳಿತು. ಹಳೆಯ ಸೊಂಟನೋವಿಗೆ ಅದನ್ನೂ ನೋಡಬಹುದು ಎಂದು ಅಲ್ಲಿನ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2017ರಲ್ಲಿ ಹೇಳಿತು. ಅದಕ್ಕೇ ನಾನು ‘ನೋವಿಗೆ ಆರೈಕೆ’ ಎಂದಷ್ಟೇ ಬರೆದಿದ್ದೇನೆ. ಕಾಲು ಸೋತರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ ತಕ್ಷಣ ಆಸ್ಪತ್ರೆಗೆ ಹೋಗಿ ಎಂಬ ಸಾಲನ್ನೂ ಸೇರಿಸಿದ್ದೇನೆ.

ಧಾರವಾಡದ ಕಡೆ “ಟೊಂಕ ಹಿಡದೈತಿ” ಎನ್ನುವುದನ್ನು ಕೇಳಿದ್ದೇನೆ. ಕರಾವಳಿ, ಮಲೆನಾಡು, ಬಳ್ಳಾರಿ ಕಡೆಯವರು ನಿಮ್ಮ ಮನೆಯ ಹಿರಿಯರು ಏನನ್ನುತ್ತಾರೆ ಎಂದು ತಿಳಿಸುತ್ತೀರಾ? ‘ಹಿಡಿತ’ಕ್ಕಿಂತ ಒಳ್ಳೆಯ ಹೆಸರುಪದ ಸಿಕ್ಕರೆ ಬದಲಾಯಿಸಲು ಇನ್ನೂ ಸಮಯವಿದೆ.