ನಾಯಿ ಮರಿ ಹಾಕುವ ಪೆಟ್ಟಿಗೆಗೆ ನಿಮ್ಮ ಕಡೆ ಏನನ್ನುತ್ತಾರೆ?

ಎಲ್ಲರಿಗೂ ನಮಸ್ಕಾರ.

ಮೊದಲು ವಸ್ತು ಯಾವುದು ಅಂತ ಹೇಳಿಬಿಡುತ್ತೇನೆ. ದಿನ ತುಂಬಿದ ನಾಯಿಗೆಂದು ಮಾಡಿಸುವ ಮರದ ಪೆಟ್ಟಿಗೆ ಇದು. ಮುಚ್ಚಳ ಇರುವುದಿಲ್ಲ. ತಾಯಿ ಕಾಲು ಚಾಚಿ ಮಲಗಿದರೂ ಸುತ್ತ ಒಂದಿಷ್ಟು ಜಾಗ ಉಳಿಯಬೇಕು, ಅಷ್ಟು ಅಗಲ. ಮೂರು ಕಡೆ ಎತ್ತರದ ಹಲಗೆ, ಒಂದು ಕಡೆ ತಗ್ಗು. ತಾಯಿ ದಾಟಬೇಕು, ಮರಿ ದಾಟಬಾರದು. ಒಳಗೆ ನೆಲದಿಂದ ಸುಮಾರು ನಾಲ್ಕು ಇಂಚು ಮೇಲೆ ಸುತ್ತಲೂ ಒಂದು ಪಟ್ಟಿ ಹೊಡೆದಿರುತ್ತಾರೆ. ತಾಯಿ ಹಲಗೆಗೆ ಒರಗಿ ಮಲಗಿದಾಗ ಬೆನ್ನ ಹಿಂದೆ ಸಿಕ್ಕಿಕೊಂಡ ಮರಿ ಆ ಪಟ್ಟಿಯ ಕೆಳಗೆ ಉಳಿದುಕೊಳ್ಳುತ್ತದೆ. ಇಲ್ಲದಿದ್ದರೆ ಅಪ್ಪಚ್ಚಿ. ಬೆಂಗಳೂರಲ್ಲಿ ನಾಯಿ ಸಾಕುವವರು ಇದಕ್ಕೆ ವೆಲ್ಪಿಂಗ್ ಬಾಕ್ಸ್ ಅನ್ನುತ್ತಾರೆ. ಕನ್ನಡದಲ್ಲಿ?

ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ಶಿಡ್ಲಘಟ್ಟದ ಹತ್ತಿರ ನಮ್ಮ ಅತ್ತಿಗೆಯ ಮನೆ ನಾಯಿಗೆ ಇದು ಚೊಚ್ಚಲು. ಏನೇನು ಜೋಡಿಸಿಕೊಳ್ಳಬೇಕು, ಯಾವಾಗ ಡಾಕ್ಟರಿಗೆ ಫೋನ್ ಮಾಡಬೇಕು, ಎಲ್ಲಾ ಒಂದು ಹಾಳೆಯಲ್ಲಿ ಬರೆದುಕೊಡು, ಗೋಡೆಗೆ ಅಂಟಿಸ್ತೀನಿ ಅಂದರು. ಅಂದರೆ ಇದು ನಡುರಾತ್ರಿ ಕರೆಂಟ್ ಹೋದಾಗ, ಒಂದು ಕೈಯಲ್ಲಿ ಟಾರ್ಚು ಇನ್ನೊಂದು ಕೈಯಲ್ಲಿ ಒದ್ದೆ ಮರಿ ಹಿಡಿದುಕೊಂಡು ಓದುವ ಹಾಳೆ. ಅದರಲ್ಲಿ ಒಂದು ಪದಕ್ಕೂ ಎರಡು ಅರ್ಥ ಬರಬಾರದು. ಬರೆಯಲು ಕೂತ ಮೇಲೆ ಗೊತ್ತಾಯಿತು, ಹಸುವಿನ ಬಾಣಂತನಕ್ಕೆ ನಮ್ಮಲ್ಲಿ ಪದ ಬೇಕಾದಷ್ಟಿವೆ. ನಾಯಿಯ ವಿಷಯಕ್ಕೆ ಬಂದರೆ ಆ ಪದಗಳೇ ಅಲ್ಲಲ್ಲಿ ಕೈಕೊಡುತ್ತವೆ.

ಪೆಟ್ಟಿಗೆಯ ಹೆಸರಿನಿಂದಲೇ ಶುರು ಮಾಡೋಣ. ‘ಪ್ರಸೂತಿ ಪೆಟ್ಟಿಗೆ’ ಅಂತ ಒಬ್ಬರು ಸೂಚಿಸಿದರು. ನನಗೆ ಅದು ಸರ್ಕಾರಿ ಯೋಜನೆಯ ಹೆಸರಿನ ಹಾಗೆ ಕೇಳಿಸುತ್ತದೆ. ಪೆಟ್ಟಿಗೆ ಅಂದರೆ ಮುಚ್ಚಳ ಇರಬೇಕಲ್ವಾ ಅನ್ನುವುದು ಅತ್ತಿಗೆಯ ತಕರಾರು, ಅದೂ ಸರಿ. ಪಾವಗಡ, ಶಿರಾ ಕಡೆ ಕುರಿ ಕೂಡುವ ಜಾಗಕ್ಕೆ ‘ರೊಪ್ಪ’ ಅನ್ನುತ್ತಾರೆ. ಆದರೆ ಅದು ಹಿಂಡಿಗೆ. ‘ಮಂಕರಿ’ ಬುಟ್ಟಿಯಾಯಿತು. ‘ತೊಟ್ಟಿ’ ಅಂದರೆ ಆಕಾರ ಸರಿಹೋಗುತ್ತದೆ, ಆದರೆ ಕೇಳಿದವರಿಗೆ ನೀರೋ ಕಸವೋ ನೆನಪಾಗುತ್ತದೆ. ಸದ್ಯಕ್ಕೆ ನಾನು ‘ಬಾಣಂತಿ ಗೂಡು’ ಅಂತ ಬರೆದಿದ್ದೇನೆ. ‘ಅದು ಬಾಣ್ತಿ ನಾಯಿ, ಹತ್ರ ಹೋಗ್ಬೇಡ’ ಅಂತ ಮಕ್ಕಳಿಗೆ ಹೇಳುವುದು ಎಲ್ಲಾ ಊರಲ್ಲೂ ಇದೆ. ಹಾಗಾಗಿ ಬಿಡಿಸಿ ಹೇಳುವ ಕೆಲಸ ಇಲ್ಲ. ಒಳಗಿನ ಪಟ್ಟಿಗೆ ಮಾತ್ರ ಏನೂ ಸಿಕ್ಕಿಲ್ಲ. ಬಡಗಿಯವರು ಚಿತ್ರ ನೋಡಿ ‘ಅಡ್ಡಪಟ್ಟಿ’ ಅಂದರು, ಅದನ್ನೇ ಬರೆದೆ.

ಹೆಸರು ಯಾಕೆ ಇಲ್ಲ ಅನ್ನುವುದಕ್ಕೆ ನನ್ನ ಊಹೆ ಇಷ್ಟೇ. ಊರ ನಾಯಿಗೆ ಯಾರೂ ಜಾಗ ಮಾಡಿಕೊಟ್ಟವರಲ್ಲ. ಹುಲ್ಲಿನ ಬಣವೆಯ ಬುಡ, ಅಂದರೆ ನಮ್ಮ ಕಡೆ ತೆಲುಗು ಬಾಯಿಯವರ ‘ವಾಮಿ’, ಇಲ್ಲಾ ಗಾಡಿ ಕೆಳಗೆ, ಅದೇ ನೋಡಿಕೊಳ್ಳುತ್ತಿತ್ತು. ಈಗಲೂ ಅಷ್ಟೇ. ದಿನ ತುಂಬುವ ಹತ್ತು ಹದಿನೈದು ದಿನ ಮೊದಲೇ ಗೂಡು ಇಟ್ಟು ಅದರಲ್ಲಿ ಮಲಗುವ ಅಭ್ಯಾಸ ಮಾಡಿಸದಿದ್ದರೆ, ಆ ಹೊತ್ತಿಗೆ ಅದು ಮಂಚದ ಕೆಳಗೆ ಹೋಗಿ ಸೇರಿಕೊಳ್ಳುತ್ತದೆ. ಗಬ್ಬ ನಿಂತು ಒಟ್ಟು 63 ದಿನದ ಲೆಕ್ಕ, ಎರಡು ಮೂರು ದಿನ ಹಿಂದೆ ಮುಂದೆ ಆಗಬಹುದು.

ಇನ್ನು ಕ್ರಿಯಾಪದ. ಹಸು, ಎಮ್ಮೆ, ಕುರಿ ‘ಈಯುತ್ತವೆ’. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಗಾದೆಯೇ ಇದೆ. ನಾಯಿ ಈಯಿತು ಅಂತ ನಿಘಂಟಿನ ಲೆಕ್ಕದಲ್ಲಿ ಹೇಳಬಹುದು. ಬಾಯಲ್ಲಿ ಬರುವುದು ‘ಮರಿ ಹಾಕಿತು’. ಸರಿ, ಅದನ್ನೇ ಬರೆಯೋಣ ಅಂದರೆ ತೊಡಕು ಇಲ್ಲೇ ಇದೆ. ‘ಮರಿ ಹಾಕಿದ ಮೇಲೆ ಹಾಸಿಗೆ ಬದಲಾಯಿಸಿ’ ಅಂತ ಬರೆದರೆ, ಯಾವಾಗ? ಮೊದಲನೇ ಮರಿ ಬಂದ ಮೇಲೋ, ಕೊನೇದು ಬಂದ ಮೇಲೋ? ಹಸುವಿಗೆ ಒಂದೇ ಕರು, ಗೊಂದಲವೇ ಇಲ್ಲ. ನಾಯಿ ಅರ್ಧ ಗಂಟೆಗೊಂದು, ಗಂಟೆಗೊಂದು ಅಂತ ಇಡೀ ರಾತ್ರಿ ಹಾಕಬಹುದು.

ಇಲ್ಲಿ ‘ಸೂಲು’ ಕೈಹಿಡಿಯುತ್ತದೆ ಅಂತ ನನಗನ್ನಿಸುತ್ತದೆ. ಒಂದೊಂದು ಮರಿಗೂ ‘ಹಾಕು’, ಇಡೀ ಸರದಿಗೆ ‘ಸೂಲು’. ‘ಒಂದು ಮರಿ ಹಾಕಿ ಎರಡು ಗಂಟೆ ಆದರೂ ಇನ್ನೊಂದು ಬರದೆ, ಹೊಟ್ಟೆಯಲ್ಲಿ ಇನ್ನೂ ಇದೆ ಅನ್ನಿಸಿದರೆ ಡಾಕ್ಟರಿಗೆ ಹೇಳಿ. ಸೂಲು ಮುಗಿದ ಮೇಲೆ ಹಾಸಿಗೆ ಬದಲಾಯಿಸಿ.’ ಹೀಗೆ ಬರೆದರೆ ಸ್ಪಷ್ಟ. ‘ಎಷ್ಟನೇ ಸೂಲು?’ ಅಂತ ಎಮ್ಮೆ ವ್ಯಾಪಾರದಲ್ಲಿ ಕೇಳುವುದು ಎಲ್ಲರಿಗೂ ಗೊತ್ತು. ನಾಯಿಗೆ ಹೀಗೆ ಬಳಸಿದ್ದನ್ನು ಯಾರಾದರೂ ಕೇಳಿದ್ದೀರಾ? ಪಕ್ಕದ ಮನೆಯ ತೆಲುಗು ಅಜ್ಜಿ ಮೊದಲ ಸಲಕ್ಕೆ ‘ತೊಲಿಚೂಲು’ ಅಂದರು, ಎಷ್ಟನೇದು ಅನ್ನುವುದಕ್ಕೆ ‘ಈತ’. ಒಳ್ಳೇ ಪದವೇ, ಆದರೆ ಕನ್ನಡ ಹಾಳೆಯಲ್ಲಿ ‘ಮೊದಲ ಈತ’ ಅಂತ ಬರೆದರೆ ಯಾವ ಗಂಡಸು ಅಂತ ಕೇಳುತ್ತಾರೆ. ಅಂದಹಾಗೆ ಚೊಚ್ಚಲು ಈಗ ಪತ್ರಿಕೆಯವರ ಪಾಲಾಗಿದೆ. ಚೊಚ್ಚಲ ಶತಕ, ಚೊಚ್ಚಲ ಚಿತ್ರ. ಅದರ ಹೊಟ್ಟೆಯಲ್ಲಿ ಹೆರಿಗೆ ಇದೆ ಅನ್ನುವುದೇ ಮರೆತುಹೋಗಿದೆ.

ಹೆಚ್ಚು ತಲೆಕೆಡಿಸಿದ್ದು ‘ನೋವು’. ‘ನೋವು ಶುರುವಾಗಿ ಅರ್ಧ ಗಂಟೆಯಾದರೂ ಮರಿ ಬರದಿದ್ದರೆ ಫೋನ್ ಮಾಡಿ’ ಅಂತ ಮೊದಲ ಕರಡಿನಲ್ಲಿತ್ತು. ಅತ್ತಿಗೆ ಓದಿ, ನೋವು ಅಂದ್ರೆ ನೆಲ ಕೆರೆಯೋದು, ಏದುಸಿರು ಬಿಡೋದು ತಾನೇ ಅಂದರು. ಅಲ್ಲ! ಮೈ ಬಿಸಿ 101 ಡಿಗ್ರಿಯಿಂದ 99ಕ್ಕಿಂತ ಕೆಳಗೆ ಇಳಿಯುತ್ತದೆ, ಊಟ ಬಿಡುತ್ತದೆ, ಹಾಸಿಗೆ ಕೆರೆದು ಗುಡ್ಡೆ ಹಾಕುತ್ತದೆ, ನಡುಗುತ್ತದೆ. ಇದು ಆರರಿಂದ ಹನ್ನೆರಡು ಗಂಟೆ ನಡೆಯಬಹುದು, ಚೊಚ್ಚಲಿಗೆ ಇನ್ನೂ ಜಾಸ್ತಿ. ಅದಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದ್ದು ಆಮೇಲಿನದಕ್ಕೆ: ಹೊಟ್ಟೆ ಬಿಗಿಹಿಡಿದು ಒತ್ತಲು ಶುರು ಮಾಡಿ ಅರ್ಧ ಗಂಟೆಯಾದರೂ ಏನೂ ಬರದಿದ್ದರೆ. ಎರಡಕ್ಕೂ ನಾವು ‘ನೋವು ತಿಂತಿದೆ’ ಅಂತಲೇ ಅನ್ನುತ್ತೇವೆ. ಈ ಒಂದು ಪದದಿಂದ ಸುಮ್ನೆ ಗಾಬರಿಬಿದ್ದು ಮಧ್ಯಾಹ್ನವೇ ಗಾಡಿ ಹತ್ತಿಸಿಕೊಂಡು ಹೋಗುವವರೂ ಇದ್ದಾರೆ, ಬೆಳಗಿನ ತನಕ ಕಾದು ಮರಿ ಕಳೆದುಕೊಳ್ಳುವವರೂ ಇದ್ದಾರೆ. ಎರಡನೇದಕ್ಕೆ ‘ತಿಣುಕು’ ಅಂತ ಬದಲಾಯಿಸಿದೆ. ಮೊದಲನೇದಕ್ಕೆ ‘ಚಡಪಡಿಕೆ’. ಅತ್ತಿಗೆಗೆ ತಕ್ಷಣ ಅರ್ಥವಾಯಿತು. ಕುರಿ ಸಾಕುವವರ ಬಾಯಲ್ಲಿ ಇದಕ್ಕಿಂತ ಬಿಗಿಯಾದ ಜೋಡಿ ಪದ ಇರಲೇಬೇಕು ಅನ್ನಿಸುತ್ತದೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.

‘ಕಸ’ ಇನ್ನೊಂದು. ಮರಿಯ ಹಿಂದೆ ಬೀಳುವುದಕ್ಕೆ ನಮ್ಮ ಕಡೆ ಕಸ ಅನ್ನುತ್ತೇವೆ, ಕೆಲವರು ಮಾಸು, ಸತ್ತೆ. ಪ್ರತಿ ಮರಿಗೂ ಒಂದು ಬೀಳಬೇಕು, ಎಣಿಸಬೇಕು. ತಾಯಿ ಚಕ್ ಅಂತ ತಿಂದುಬಿಡುತ್ತದೆ, ಆದ್ದರಿಂದ ಕಣ್ಣಿಟ್ಟಿರಬೇಕು. ಒಂದು ಒಳಗೇ ಉಳಿಯಿತು ಅನ್ನಿಸಿದರೆ ಡಾಕ್ಟರಿಗೆ ತೋರಿಸಬೇಕು. ಹಾಳೆಯಲ್ಲಿ ‘ಕಸ ಎಣಿಸಿ’ ಅಂತ ಒಂದು ಸಾಲು, ಅದರ ಕೆಳಗೇ ‘ಗೂಡಿನ ಕಸ ತೆಗೆಯಿರಿ’ ಅಂತ ಇನ್ನೊಂದು ಸಾಲು! ಮೊದಲನೇದಕ್ಕೆ ‘ಮಾಸು’ ಅಂತ ಹಾಕಿದೆ. ಅತ್ತಿಗೆಗೆ ಅದು ಸ್ವಲ್ಪ ಹೊರಗಿನ ಪದ, ಆದರೂ ತಪ್ಪು ತಿಳಿಯುವ ಭಯ ಇಲ್ಲ. ಇದನ್ನು ಬಿಟ್ಟರೆ ಬೇರೆ ದಾರಿ ಇದೆಯಾ?

ಬಿಸಿಯ ಪದಗಳೂ ಹೀಗೇ ಜಾರುತ್ತವೆ. ಮೊದಲ ವಾರ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ಮರಿ ಮಲಗುವ ಜಾಗ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು, ಆಮೇಲೆ ವಾರ ವಾರಕ್ಕೂ ಸ್ವಲ್ಪ ಸ್ವಲ್ಪ ಇಳಿಸಬಹುದು. ನಂದಿಬೆಟ್ಟದ ಈ ಕಡೆ ಧನುರ್ಮಾಸದ ಚಳಿ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ‘ಶಾಖ ಕೊಡಿ’ ಅಂತ ಬರೆದರೆ ಬಿಸಿ ಬಟ್ಟೆ ಒತ್ತುತ್ತಾರೆ. ‘ಬೆಚ್ಚಗಿಡಿ’ ಅಂದರೆ ಕಂಬಳಿ ಸುತ್ತುತ್ತಾರೆ. ತಣ್ಣಗಾದ ಮರಿಗೆ ಕಂಬಳಿ ಸುತ್ತಿ ಏನೂ ಪ್ರಯೋಜನವಿಲ್ಲ, ಒಳಗೆ ಬಿಸಿಯೇ ಇಲ್ಲವಲ್ಲ. ಅದಕ್ಕೆ ಹಾಲೂ ಕುಡಿಸಬಾರದು, ಮೊದಲು ಮೈ ಬಿಸಿಯಾಗಬೇಕು. ‘ಕಾವು’ ಸರಿ ಅನ್ನಿಸಿತು. ಗೂಡಿನ ಒಂದು ಮೂಲೆಗೆ ಮಾತ್ರ ಬಲ್ಬಿನ ಕಾವು, ಇನ್ನೊಂದು ಮೂಲೆ ತಂಪು. ಸೆಕೆಯಾದರೆ ಮರಿ ತೆವಳಿಕೊಂಡು ಆಚೆ ಹೋಗಲಿ. ಎದುರು ಮನೆಯ ರೇಷ್ಮೆ ಬೆಳೆಗಾರರು ಇದನ್ನು ಕೇಳಿ, ‘ಹಂಗಾದ್ರೆ ಇದು ಚಾಕಿ ಅನ್ನಿ’ ಅಂದರು. ಎರಡನೇ ಜ್ವರದ ತನಕ, ಅಂದರೆ ಎರಡನೇ ಸಲ ಪೊರೆ ಬಿಡುವ ತನಕ, ಎಳೇ ರೇಷ್ಮೆ ಹುಳುವನ್ನು 27–28 ಡಿಗ್ರಿಯಲ್ಲಿ ಕಾಪಾಡುವ ಹಂತ ಅದು. ನಗೆಮಾತಿಗೆ ಅಂದಿದ್ದು, ಆದರೆ ಶಿಡ್ಲಘಟ್ಟದಲ್ಲಿ ಆ ಒಂದು ಪದಕ್ಕೆ ಕಾವು, ಶುಚಿ, ಹೊರಗಿನವರನ್ನು ಬಿಡದಿರುವುದು ಎಲ್ಲಾ ಬಂದುಬಿಡುತ್ತದೆ. ‘ಮರಿಗಳ ಚಾಕಿ: ಮೊದಲ ಮೂರು ವಾರ’ ಅಂತ ತಲೆಬರಹ ಕೊಡೋಣ ಅಂತ ಆಸೆಯಿದೆ. ತೀರಾ ಅತಿಯಾಯಿತಾ? ಖಾಲಿ ಇರುವ ಹುಳುಮನೆಯಲ್ಲೇ ನಾಯಿ ಕಟ್ಟಿ ಅಂತಲೂ ಅವರು ಹೇಳಿದರು. ಬೇಡ ಅಂದೆ. ಬೆಳೆ ಬೆಳೆ ನಡುವೆ ಅಲ್ಲಿ ಬ್ಲೀಚಿಂಗ್ ಪುಡಿ, ಫಾರ್ಮಲಿನ್ ಹೊಡೆದಿರುತ್ತಾರೆ.

ಉಳಿದ ಸಾಮಾನಿಗೆ ಪದದ ತೊಂದರೆಯಿಲ್ಲ. ಹಳೇ ಪೇಪರ್, ಒರೆಸಲು ಟವೆಲ್, ಹೊಕ್ಕುಳಬಳ್ಳಿ ಕಟ್ಟಲು ದಾರ, ಕುದಿಸಿದ ಕತ್ತರಿ, ಅಯೋಡಿನ್, ಅಡುಗೆಮನೆಯ ಡಿಜಿಟಲ್ ತಕ್ಕಡಿ. ಮುಂದಿನ ಮರಿ ಬರುವಾಗ ಮೊದಲಿನವನ್ನು ಪಕ್ಕಕ್ಕಿಡಲು ಕೋಲಾರ ಮಂಡಿಯ ಟೊಮೆಟೊ ಕ್ರೇಟ್, ತಳಕ್ಕೆ ಬಿಸಿನೀರಿನ ಬಾಟಲಿ, ಮೇಲೆ ದಪ್ಪ ಬಟ್ಟೆ. ಗೋಣಿತಾಟು ಬೇಡ, ಅದರ ಎಳೆ ಮರಿಯ ಉಗುರಿಗೆ ಸಿಕ್ಕಿಕೊಳ್ಳುತ್ತದೆ. ಸಡಿಲವಾದ ಹಳೇ ಸೀರೆಯೂ ಬೇಡ, ಮರಿ ಅಡಿಗೆ ನುಗ್ಗುತ್ತದೆ. ‘ಗಿಣ್ಣು’ ಮಾತ್ರ ಸ್ವಲ್ಪ ಅನುಮಾನ. ಮೊದಲ ದಿನದ ಹಾಲನ್ನು ಪ್ರತಿ ಮರಿಯೂ ಕುಡಿಯಲೇಬೇಕು ಅಂತ ಹೇಳಬೇಕಿತ್ತು. ನಾಯಿಯ ಹಾಲಿಗೆ ಗಿಣ್ಣು ಅಂದರೆ ಅತ್ತಿಗೆ ಮುಖ ಸಿಂಡರಿಸಿದರು. ಅವರಿಗೆ ಗಿಣ್ಣು ಅಂದರೆ ಬೆಲ್ಲ, ಏಲಕ್ಕಿ. ‘ಮೊದಲ ಹಾಲು’ ಅಂತ ಬರೆದು ಮುಂದೆ ಹೋದೆ.

ಉತ್ತರಿಸುವವರು ಯಾವ ತಾಲ್ಲೂಕು ಅಂತಲೂ ಬರೆಯಿರಿ. ಗೌರಿಬಿದನೂರಿನ ಪದ ಮುಳಬಾಗಿಲಲ್ಲಿ ನಡೆಯಬೇಕೆಂದಿಲ್ಲ. ಕುಣಿಗಲ್, ತಿಪಟೂರು ಕಡೆಯವರು ‘ತಿಣುಕು’ ಮತ್ತು ‘ಮಾಸು’ ಎರಡರ ಬಗ್ಗೆ ಮೊದಲು ಹೇಳಿದರೆ ಉಪಕಾರ. ನಾಯಿಗೆ ದಿನ ಹತ್ತಿರ ಬಂದಿದೆ, ಹಾಳೆಯನ್ನು ಈ ಭಾನುವಾರ ಅಂಟಿಸಬೇಕು.