ಇರುವ ತೂಕದಲ್ಲಿ ಎಲ್ಲರನ್ನೂ ಸೋಲಿಸದೆ ಚಾಂಪಿಯನ್ ಮೇಲಿನ ತೂಕಕ್ಕೆ ಹೋಗುವುದು ಸರಿಯಾ?

ಎಡಗೈ ಜಾಬ್:

ಬಹಳ ದಿನದಿಂದ ಈ ಪ್ರಶ್ನೆ ತಲೆ ಕೊರೆಯುತ್ತಿದೆ. ಬಾಕ್ಸಿಂಗ್ ನೋಡುವವರು, ಆಡಿದವರು ಹೇಳಿ.

ಒಬ್ಬ ಬಾಕ್ಸರ್ ಒಂದು ಬೆಲ್ಟ್, ಅಂದರೆ ವಿಶ್ವ ಟೈಟಲ್, ಗೆಲ್ಲುತ್ತಾನೆ. ಒಂದೆರಡು ಸಲ ಉಳಿಸಿಕೊಳ್ಳುತ್ತಾನೆ. ಆಮೇಲೆ ಮೈಕ್ ಹಿಡಿದು "ನಾನು ಮೇಲಿನ ತೂಕಕ್ಕೆ ಹೋಗ್ತೀನಿ" ಅನ್ನುತ್ತಾನೆ. ಅದೇ ತೂಕದಲ್ಲಿ ಇನ್ನೂ ಮೂವರು ಚಾಂಪಿಯನ್‌ಗಳು ಇರುತ್ತಾರೆ. ಅವರಲ್ಲಿ ಒಬ್ಬರ ಎದುರಿಗೂ ನಿಂತಿರುವುದಿಲ್ಲ. ಮೇಲೆ ಹೋದ ಮೇಲೂ ಅಲ್ಲಿನ ನಾಲ್ವರಲ್ಲಿ ಯಾರು ಸ್ವಲ್ಪ ಸುಲಭವೋ ಅವರನ್ನೇ ಆರಿಸಿಕೊಳ್ಳುತ್ತಾನೆ. ಗೆದ್ದರೆ "ಎರಡು ಡಿವಿಷನ್ ಚಾಂಪಿಯನ್" ಅಂತ ಹೆಸರು.

ಲೆಕ್ಕ ಹಾಕಿ ನೋಡಿ. ಗಂಡಸರ ಪ್ರೊಫೆಷನಲ್ ಬಾಕ್ಸಿಂಗ್‌ನಲ್ಲಿ ಕಮ್ಮಿ ಅಂದರೂ 17 ತೂಕದ ವರ್ಗಗಳಿವೆ. ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಅಂತ ಪ್ರತಿ ತೂಕಕ್ಕೂ ತಮ್ಮದೇ ಬೆಲ್ಟ್ ಕೊಡುವ ನಾಲ್ಕು ಸಂಸ್ಥೆಗಳು. ಅಲ್ಲಿಗೆ 68 ಬೆಲ್ಟ್ ಆಯಿತು. 122ರಿಂದ 126 ಪೌಂಡ್‌ಗೆ ಹೋಗುವುದು ಅಂದರೆ ಎರಡು ಕೆಜಿಗೂ ಕಮ್ಮಿ ವ್ಯತ್ಯಾಸ.

ನನಗೆ ಬಾಕ್ಸಿಂಗ್ ಹುಚ್ಚು ಹಿಡಿಸಿದ್ದು ಮಾರ್ವಿನ್ ಹ್ಯಾಗ್ಲರ್. 1980ರಲ್ಲಿ ಮಿಡಲ್‌ವೆಯ್ಟ್ ಗೆದ್ದ. 1987ರವರೆಗೆ ಅಲ್ಲೇ ಇದ್ದ. 12 ಸಲ ಟೈಟಲ್ ಉಳಿಸಿಕೊಂಡ. 160 ಪೌಂಡ್ ಬಿಟ್ಟು ಅತ್ತಿತ್ತ ಹೋಗಲೇ ಇಲ್ಲ. 1985ರಲ್ಲಿ ಟಾಮಿ ಹರ್ನ್ಸ್ ಜೊತೆಗಿನ ಮೂರು ರೌಂಡ್‌ಗಳನ್ನು ಎಷ್ಟು ಸಲ ನೋಡಿದ್ದೇನೋ ಗೊತ್ತಿಲ್ಲ. ಮೂರನೇ ರೌಂಡಿನಲ್ಲಿ ಹ್ಯಾಗ್ಲರ್‌ನ ಮುಖ ಪೂರ್ತಿ ರಕ್ತ. ರೆಫರಿ ಆಟ ನಿಲ್ಲಿಸಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಡಾಕ್ಟರ್ ಗಾಯ ನೋಡಿ ಸರಿ ಅನ್ನುತ್ತಾರೆ. ಅಲ್ಲಿಂದ ವಾಪಸ್ ಬಂದವನು ಒಂದು ನಿಮಿಷವೂ ಕಾಯುವುದಿಲ್ಲ. ನೇರ ಹೋಗಿ ಹರ್ನ್ಸ್‌ನನ್ನು ಕೆಡವುತ್ತಾನೆ. ಇದು ನನ್ನ ಜಾಗ, ಇಲ್ಲಿಂದ ನನ್ನನ್ನು ಯಾರೂ ಎಬ್ಬಿಸಲಾರರು ಅನ್ನುವ ಹಾಗೆ.

ಈಗಿನವರಲ್ಲಿ ಒಲೆಕ್ಸಾಂಡರ್ ಉಸಿಕ್ ಹಾಗೇ ಮಾಡಿದ. 200 ಪೌಂಡಿನ ಕ್ರೂಸರ್‌ವೆಯ್ಟ್‌ನಲ್ಲಿ ಇದ್ದ ಚಾಂಪಿಯನ್‌ಗಳನ್ನು ಅವರವರ ದೇಶಕ್ಕೇ ಹೋಗಿ ಸೋಲಿಸಿದ. ಬ್ರಿಯೆಡಿಸ್‌ನನ್ನು ರಿಗಾದಲ್ಲಿ, ಗಾಸಿಯೆವ್‌ನನ್ನು ಮಾಸ್ಕೋದಲ್ಲಿ. 2018ರ ಜುಲೈಗೆ ನಾಲ್ಕೂ ಬೆಲ್ಟ್ ಅವನ ಕೈಯಲ್ಲಿದ್ದವು. ಆಮೇಲೆ ತಾನೇ ತೂಕಕ್ಕೆ ಮೇಲ್ಮಿತಿಯೇ ಇಲ್ಲದ ಹೆವಿವೆಯ್ಟ್‌ಗೆ ಹೋದದ್ದು? 2024ರ ಮೇನಲ್ಲಿ ತನಗಿಂತ ಸುಮಾರು 40 ಪೌಂಡ್ ಜಾಸ್ತಿ ತೂಕದ ಟೈಸನ್ ಫ್ಯೂರಿಯನ್ನು ಸೋಲಿಸಿದಾಗ ಯಾರೂ ಒಂದು ಮಾತು ಎತ್ತುವ ಹಾಗಿರಲಿಲ್ಲ.

ಮೊದಲು ನಿನ್ನ ತೂಕದಲ್ಲಿ ಇರುವವರನ್ನೆಲ್ಲ ಸೋಲಿಸು, ಆಮೇಲೆ ಮೇಲಕ್ಕೆ ಹತ್ತು. ನಾನು ಕೇಳುತ್ತಿರುವುದು ಇಷ್ಟೇ. ಜಾಸ್ತಿ ಆಯ್ತಾ?

ಹಳೇ ಗ್ಲೌಸ್:

ನಾನು ಹನ್ನೊಂದು ವರ್ಷ ಅಮೆಚೂರ್ ಆಡಿದವನು. ದೊಡ್ಡ ಹೆಸರೇನೂ ಮಾಡಲಿಲ್ಲ, ಆದರೆ ತೂಕದ ವಿಷಯ ಮೈಯಲ್ಲೇ ಕಲಿತಿದ್ದೇನೆ. ನಿಮ್ಮ ಮಾತು ನ್ಯಾಯವಾಗಿಯೇ ಇದೆ. ಅದರಲ್ಲಿ ಮೈಗೆ ಮಾತ್ರ ಜಾಗ ಇಲ್ಲ.

60 ಕೆಜಿಯಲ್ಲಿ ಆಡುತ್ತಿದ್ದೆ. ಹತ್ತೊಂಬತ್ತು ದಾಟಿದ ಮೇಲೆ ಸುಮ್ನೆ ಇದ್ದರೂ ತೂಕ 66. ಎತ್ತರವೂ ಬೆಳೆಯುತ್ತಿತ್ತು, ಭುಜವೂ ಅಗಲವಾಗುತ್ತಿತ್ತು. ಟೂರ್ನಮೆಂಟ್ ಹತ್ತಿರ ಬಂದರೆ ಮೊದಲು ಅನ್ನ ಬಿಡುವುದು, ಆಮೇಲೆ ಉಪ್ಪು, ಕೊನೆಗೆ ನೀರು. ಒಂದು ಸಲದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಳಿಗ್ಗೆ ತೂಕದ ಯಂತ್ರದ ಮೇಲೆ ನಿಂತರೆ 60.4. ಪ್ಲಾಸ್ಟಿಕ್ ಜಾಕೆಟ್, ಅದರ ಮೇಲೆ ಎರಡು ಸ್ವೆಟರ್ ಹಾಕಿಕೊಂಡು ಬಾಗಿಲು ಮುಚ್ಚಿದ ರೂಮಿನಲ್ಲಿ ಸ್ಕಿಪ್ಪಿಂಗ್ ಆಡಿದೆ. ಬೆವರೇ ಬರಲಿಲ್ಲ. ಬರಲು ಮೈಯಲ್ಲಿ ನೀರಿದ್ದರೆ ತಾನೇ! ಖಾಲಿ ಬಾಟಲಿ ಹಿಡಿದು ಉಗುಳುತ್ತಾ ಕೂತೆ. ಕೊನೆಗೆ ಅಂಡರ್‌ವೇರ್ ಕೂಡ ಬಿಚ್ಚಿ, ಸುತ್ತ ಟವಲ್ ಹಿಡಿಸಿಕೊಂಡು ನಿಂತಾಗ 60.0 ಬಂತು.

ಅವತ್ತು ಸಂಜೆ ಮೂರನೇ ರೌಂಡಿನಲ್ಲಿ ಎದುರಾಳಿಯ ಬಲಗೈ ಬರುವುದು ನನಗೆ ಸ್ಪಷ್ಟವಾಗಿ ಕಾಣಿಸಿತು. ನನ್ನ ಕೈ ಮೇಲೆ ಬರಲಿಲ್ಲ. ಅಷ್ಟೇ. ನೋಡುತ್ತಾ ನೋಡುತ್ತಾ ಪೆಟ್ಟು ತಿಂದೆ. ಅವನು ನನಗಿಂತ ಒಳ್ಳೆಯ ಬಾಕ್ಸರ್ ಆಗಿರಲಿಲ್ಲ. ಮುಂದಿನ ವಾರ ಕೋಚ್ ನನ್ನನ್ನು 64ಕ್ಕೆ ಹಾಕಿದರು. "60ರಲ್ಲಿ ಇನ್ನೂ ಗೆಲ್ಲಬೇಕಾದ್ದು ಇದೆ ಸರ್" ಅಂದೆ. "ಗೆಲ್ಲೋಕೆ ನೀನು ಉಳಿದಿರಬೇಕಲ್ಲ" ಅಂದರು.

ನವೋಯಾ ಇನೋಯೆ ನೋಡಿ. 2014ರ ಏಪ್ರಿಲ್‌ನಲ್ಲಿ, ತನ್ನ ಆರನೇ ಪಂದ್ಯದಲ್ಲೇ 108 ಪೌಂಡಿನ ಡಬ್ಲ್ಯುಬಿಸಿ ಬೆಲ್ಟ್ ಗೆದ್ದ. ಒಂದೇ ಸಲ ಉಳಿಸಿಕೊಂಡ. ಅದೇ ವರ್ಷ ಡಿಸೆಂಬರ್‌ನಲ್ಲಿ 112 ಬಿಟ್ಟು ನೇರ 115ಕ್ಕೆ ಹಾರಿ, ಒಮರ್ ನಾರ್ವಾಯೆಸ್‌ನನ್ನು ಎರಡೇ ರೌಂಡಿನಲ್ಲಿ ನಾಲ್ಕು ಸಲ ಕೆಡವಿದ. ನಿಮ್ಮ ಲೆಕ್ಕದಲ್ಲಿ ಇದು ತಪ್ಪು. ಆದರೆ ಆ ಹುಡುಗನ ಮೈ 108ರಲ್ಲಿ ಒಣಗಿ ಹೋಗುತ್ತಿತ್ತು. ಅಲ್ಲೇ ನಿಲ್ಲಿಸಿದ್ದರೆ 118ರಲ್ಲಿ ಮತ್ತು 122ರಲ್ಲಿ ನಾಲ್ಕು ನಾಲ್ಕು ಬೆಲ್ಟ್ ಗೆದ್ದ ಇನೋಯೆಯನ್ನು ನಾವು ನೋಡುತ್ತಿದ್ದೆವಾ?

ಮ್ಯಾನಿ ಪಾಕಿಯಾವೋನದ್ದು ಇನ್ನೂ ಕಷ್ಟ. 1999ರಲ್ಲಿ 112ರ ತೂಕ ಮುಟ್ಟಲಾಗದೆ ಟೈಟಲ್ ತೂಕದ ಯಂತ್ರದ ಮೇಲೆಯೇ ಹೋಯಿತು. ಆಮೇಲೆ ರಿಂಗಿನಲ್ಲೂ ಮೂರನೇ ರೌಂಡಿನಲ್ಲಿ ಹೊಟ್ಟೆಗೆ ಪೆಟ್ಟು ತಿಂದು ಬಿದ್ದ. ಅಲ್ಲಿಂದ 122ಕ್ಕೆ ಹೋದ ಮೇಲೆಯೇ ನಮಗೆಲ್ಲ ಗೊತ್ತಿರುವ ಪಾಕಿಯಾವೋ ಹುಟ್ಟಿದ್ದು.

ನೀಲಿ ಕಾರ್ನರ್:

ಇನ್ನೊಂದು ಸೇರಿಸುತ್ತೇನೆ. ಎಷ್ಟೋ ಸಲ ಆಯ್ಕೆಯೇ ಇರುವುದಿಲ್ಲ. ಮೇರಿ ಕೋಮ್ 45, 46, 48 ಕೆಜಿಗಳಲ್ಲಿ ವಿಶ್ವ ಚಾಂಪಿಯನ್. 2012ರಲ್ಲಿ ಮಹಿಳೆಯರ ಬಾಕ್ಸಿಂಗ್ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದಾಗ ಇದ್ದದ್ದು ಮೂರೇ ವರ್ಗ: 51, 60, 75. ಆಕೆ ತನಗಿಂತ ದೊಡ್ಡವರ ಜೊತೆ 51ರಲ್ಲಿ ಆಡಿ ಕಂಚು ತಂದರು. ಆ ಕಂಚನ್ನು ನಾನು ಅವರ ಎಷ್ಟೋ ಚಿನ್ನಕ್ಕಿಂತ ಮೇಲೆ ಇಡುತ್ತೇನೆ.

ಸ್ಪ್ಲಿಟ್ ಡಿಸಿಷನ್:

ಎಡಗೈ ಜಾಬ್ ಅವರೇ, ನಿಮ್ಮ ಹ್ಯಾಗ್ಲರ್ ನನಗೂ ಪ್ರಾಣ. ಅದಕ್ಕೇ ಕೇಳುತ್ತಿದ್ದೇನೆ. ಹ್ಯಾಗ್ಲರ್‌ನ ದೊಡ್ಡ ಪಂದ್ಯಗಳು ಯಾರ ಜೊತೆ ಆದವು?

1983ರಲ್ಲಿ ರಾಬರ್ಟೊ ದುರಾನ್ ಬಂದ. 135 ಪೌಂಡಿನಲ್ಲಿ ಮೊದಲ ಬೆಲ್ಟ್ ಗೆದ್ದವನು, ಆಗ 154ರ ಒಂದು ಬೆಲ್ಟ್ ಅವನದ್ದಾಗಿತ್ತು. ಹ್ಯಾಗ್ಲರ್ ಎದುರು ಪೂರ್ತಿ 15 ರೌಂಡ್ ನಿಂತ. 1985ರಲ್ಲಿ ಬಂದ ಹರ್ನ್ಸ್ ಕೂಡ 154ರ ಚಾಂಪಿಯನ್, ಅಲ್ಲೂ ಒಂದೇ ಸಂಸ್ಥೆಯ ಬೆಲ್ಟ್. 1987ರಲ್ಲಿ ಶುಗರ್ ರೇ ಲೆನರ್ಡ್ ಹೆಚ್ಚುಕಮ್ಮಿ ಮೂರು ವರ್ಷ ಆಡದೆ ಇದ್ದು, 160ರಲ್ಲಿ ಒಂದೂ ಪಂದ್ಯ ಆಡದೆ ನೇರ ಹ್ಯಾಗ್ಲರ್ ಎದುರಿಗೇ ಬಂದ. ಮೂವರೂ ಕೆಳಗಿನಿಂದ ಹತ್ತಿ ಬಂದವರೇ. ಮೊದಲು ನಿಮ್ಮ ತೂಕ ಪೂರ್ತಿ ಮುಗಿಸಿ ಬನ್ನಿ ಅಂದಿದ್ದರೆ ಹ್ಯಾಗ್ಲರ್ ಅಲ್ಲಿ ಒಬ್ಬನೇ ನಿಂತಿರುತ್ತಿದ್ದ. ನೀವು ಅಷ್ಟು ಸಲ ನೋಡಿದ ಆ ಮೂರು ರೌಂಡ್ ನಡೆಯುತ್ತಲೇ ಇರಲಿಲ್ಲ.

ಕಾಯುವುದರಿಂದ ಏನು ಕಳೆದುಕೊಳ್ಳುತ್ತೇವೆ ಅನ್ನುವುದಕ್ಕೆ ಟೆರೆನ್ಸ್ ಕ್ರಾಫರ್ಡ್ ಸಾಕು. 140ರಲ್ಲಿ ನಾಲ್ಕೂ ಬೆಲ್ಟ್ 2017ರಲ್ಲಿ ಗೆದ್ದ. 2018ರಲ್ಲಿ 147ಕ್ಕೆ ಬಂದು ಅಲ್ಲೂ ಒಂದು ಬೆಲ್ಟ್ ತೆಗೆದುಕೊಂಡ. ಅದೇ ತೂಕದ ಇನ್ನೊಬ್ಬ ಚಾಂಪಿಯನ್ ಎರೊಲ್ ಸ್ಪೆನ್ಸ್ ಜೊತೆ ಪಂದ್ಯ ಆಗುವಷ್ಟರಲ್ಲಿ 2023ರ ಜುಲೈ ಬಂತು. ಐದು ವರ್ಷ! ಅವನಿಗೆ ಮನಸ್ಸಿಲ್ಲ ಅಂತಲ್ಲ. ಪ್ರೊಮೋಟರ್ ಬೇರೆ, ಟಿವಿ ಬೇರೆ, ದುಡ್ಡಿನ ಮಾತು ಬೇರೆ. ಕೊನೆಗೆ ರಿಂಗಿಗೆ ಇಳಿದಾಗ ಸ್ಪೆನ್ಸ್ ಮೂರು ಸಲ ಬಿದ್ದು, ಒಂಬತ್ತನೇ ರೌಂಡಿನಲ್ಲಿ ಆಟ ಮುಗಿಯಿತು. ಕ್ರಾಫರ್ಡ್‌ಗೆ ಆಗ 35 ದಾಟಿತ್ತು. ಬಾಕ್ಸರ್‌ಗೆ 30ರಿಂದ 35 ಅಂದರೆ ಎಷ್ಟು ಬೆಲೆಯ ವರ್ಷಗಳು ಅಂತ ನಿಮಗೇ ಗೊತ್ತು.

ಆಮೇಲೆ ಅವನು ಮಾಡಿದ್ದನ್ನೂ ನೋಡಿ. 154ರಲ್ಲಿ ಆಡಿದ್ದು ಒಂದೇ ಪಂದ್ಯ. ಮದ್ರಿಮೊವ್ ಜೊತೆ ಕಷ್ಟಪಟ್ಟೇ ಗೆದ್ದ. ಅಲ್ಲಿನ ಉಳಿದವರನ್ನು ಮುಟ್ಟದೆ, 160 ಪೂರ್ತಿ ಬಿಟ್ಟು, 2025ರ ಸೆಪ್ಟೆಂಬರ್‌ನಲ್ಲಿ 168ಕ್ಕೆ ಹೋಗಿ ಅಲ್ಲಿನ ಚಾಂಪಿಯನ್ ಕನೆಲೊ ಆಲ್ವಾರೆಸ್‌ನನ್ನು ಸೋಲಿಸಿದ. ಇದನ್ನು ತಪ್ಪು ಅನ್ನುತ್ತೀರಾ? ನನಗಂತೂ ಆಗುವುದಿಲ್ಲ.

ಹಳೇ ಗ್ಲೌಸ್:

ಕ್ರಾಫರ್ಡ್ ಮಾಡಿದ ಅಂತ ಎಲ್ಲರೂ ಮಾಡಲು ಹೋದರೆ ಏನಾಗುತ್ತದೆ ಅನ್ನುವುದನ್ನೂ ಹೇಳಬೇಕು. ಮೇಲೆ ಹೇಳಿದ್ದು ಅರ್ಧ ಆಯಿತು.

ಕೆಲ್ ಬ್ರೂಕ್ 147ರ ಚಾಂಪಿಯನ್. ಒಳ್ಳೆಯ ಬಾಕ್ಸರ್. 2016ರ ಸೆಪ್ಟೆಂಬರ್‌ನಲ್ಲಿ 154 ಬಿಟ್ಟು ನೇರ 160ಕ್ಕೆ ಹೋಗಿ ಅಲ್ಲಿನ ಚಾಂಪಿಯನ್ ಗೊಲೊವ್ಕಿನ್ ಎದುರು ನಿಂತ. ಮೊದಲ ರೌಂಡುಗಳಲ್ಲಿ ಚೆನ್ನಾಗಿಯೇ ಹೊಡೆದ. ಆದರೆ ಪೆಟ್ಟಿಗೆ ಗೊಲೊವ್ಕಿನ್ ಹಿಂದೆ ಸರಿಯಲಿಲ್ಲ. ಬ್ರೂಕ್‌ನ ಬಲಗಣ್ಣಿನ ಗೂಡಿನ ಮೂಳೆ ಮುರಿಯಿತು. ಐದನೇ ರೌಂಡಿನಲ್ಲಿ ಆಟ ಸಾಕು ಅಂತ ಅವನ ಕಾರ್ನರ್‌ನಿಂದ ಟವಲ್ ಬಂತು. ಮುಂದಿನ ವರ್ಷ ತನ್ನ 147ಕ್ಕೆ ವಾಪಸ್ ಬಂದು ಸ್ಪೆನ್ಸ್ ಜೊತೆ ಆಡಿದ. ಈ ಸಲ ಎಡಗಣ್ಣಿನ ಮೂಳೆ. 11ನೇ ರೌಂಡಿನಲ್ಲಿ ಮಂಡಿಯೂರಿ ಕೂತ.

ರಾಯ್ ಜೋನ್ಸ್ ಕೂಡ ಅಷ್ಟೇ. 175ರಲ್ಲಿ ಅವನಿಗೆ ಎದುರೇ ಇರಲಿಲ್ಲ. ನಿಮ್ಮ ನಿಯಮಕ್ಕೆ ಹತ್ತಿರವಾಗಿಯೇ, ಹೆಚ್ಚುಕಮ್ಮಿ ಎಲ್ಲರನ್ನೂ ಮುಗಿಸಿ, 2003ರ ಮಾರ್ಚ್‌ನಲ್ಲಿ 193 ಪೌಂಡ್ ತೂಗಿ ಹೆವಿವೆಯ್ಟ್ ಬೆಲ್ಟ್ ಗೆದ್ದ. ನವೆಂಬರ್‌ಗೆ ಮತ್ತೆ 175ಕ್ಕೆ ಇಳಿದ. ಟಾರ್ವರ್ ಎದುರು ಹೇಗೋ ಗೆದ್ದ, ಮುಂದಿನ ಮೇನಲ್ಲಿ ಅದೇ ಟಾರ್ವರ್ ಎರಡನೇ ರೌಂಡಿನಲ್ಲೇ ಮಲಗಿಸಿದ. ಏರಿಸಿದ ಮಾಂಸವನ್ನು ಇಳಿಸುವುದು ಎಂಥ ಕೆಲಸ ಅಂತ ಮಾಡಿದವರಿಗೇ ಗೊತ್ತು.

64ಕ್ಕೆ ಹೋದಾಗ ನನಗೂ ಗೊತ್ತಾದದ್ದು ಪೆಟ್ಟಿನ ಜೋರಲ್ಲ. ಕ್ಲಿಂಚ್. ಎದುರಾಳಿ ಸುಮ್ನೆ ಮೈಮೇಲೆ ಒರಗುತ್ತಾನೆ, ಕುತ್ತಿಗೆಯ ಹಿಂದೆ ಕೈ ಇಟ್ಟು ಭಾರ ಬಿಡುತ್ತಾನೆ. ಎರಡು ರೌಂಡ್ ಕಳೆಯುವುದರೊಳಗೆ ಕಾಲು ಸೀಸದ ಹಾಗೆ. ಮೊದಲ ಎರಡು ಪಂದ್ಯ ಸೋತೆ. ಆ ತೂಕ ನನ್ನದಾಗಲು ಒಂದು ವರ್ಷ ಹಿಡಿಯಿತು.

ಆದ್ದರಿಂದ ಹಿಂದೆ ಎಷ್ಟು ಬೆಲ್ಟ್ ಗೆದ್ದ ಅನ್ನುವುದನ್ನು ನಾನು ನೋಡುವುದಿಲ್ಲ. ಮೇಲಿನ ತೂಕದಲ್ಲಿ ಅವನಿಗೆ ಒಂದೆರಡು ಸಾಧಾರಣ ಪಂದ್ಯ ಕೊಟ್ಟರಾ? ಮೈ ಒಗ್ಗಿಕೊಳ್ಳಲು ಸಮಯ ಕೊಟ್ಟರಾ? ಹುಡುಗರನ್ನು ನೇರ ಚಾಂಪಿಯನ್ ಎದುರಿಗೆ ತಳ್ಳುವುದು ನನಗೆ ಹೊಟ್ಟೆ ಉರಿಸುತ್ತದೆ.

ಎಡಗೈ ಜಾಬ್:

ಎಲ್ಲರದ್ದನ್ನೂ ಎರಡೆರಡು ಸಲ ಓದಿದೆ. ಹ್ಯಾಗ್ಲರ್ ವಿಷಯದಲ್ಲಿ ಸ್ಪ್ಲಿಟ್ ಡಿಸಿಷನ್ ಹೇಳಿದ್ದು ಸರಿ. ನಾನು ಇಷ್ಟು ವರ್ಷ ಆ ಪಂದ್ಯವನ್ನು ಹ್ಯಾಗ್ಲರ್ ಕಡೆಯಿಂದಲೇ ನೋಡಿದ್ದೆ. ರಾತ್ರಿ ಮತ್ತೆ ಹಾಕಿ ಈ ಸಲ ಹರ್ನ್ಸ್‌ನನ್ನು ಮಾತ್ರ ನೋಡಿದೆ. ಮೊದಲ ರೌಂಡಿನಲ್ಲಿ ಅವನು ಕೊಟ್ಟ ಬಲಗೈ ಪೆಟ್ಟಿಗೆ ಹ್ಯಾಗ್ಲರ್ ಒಂದು ಕ್ಷಣ ನಡುಗುತ್ತಾನೆ. ಎರಡನೇ ರೌಂಡಿನಿಂದಲೇ ಹರ್ನ್ಸ್‌ನ ಕಾಲು ಸೋತಿದೆ. ಆದರೂ ನಿಂತು ಹೊಡೆಯುತ್ತಾನೆ.

ಹಾಗಾಗಿ ಬೆಲ್ಟ್ ಎಣಿಸುವುದನ್ನು ಬಿಟ್ಟೆ. ಆದರೆ ಒಂದನ್ನು ಮಾತ್ರ ಬಿಡುವುದಿಲ್ಲ. ಹಿಂದೆ ಯಾರನ್ನು ಬಿಟ್ಟು ಹೋದ, ಮುಂದೆ ಯಾರಿಗಾಗಿ ಹೋದ? ಹರ್ನ್ಸ್ ಹೋದದ್ದು ಹ್ಯಾಗ್ಲರ್‌ಗಾಗಿ. ಕ್ರಾಫರ್ಡ್ ಹೋದದ್ದು ಕನೆಲೊಗಾಗಿ. ಆ ತೂಕದ ಅತಿ ಗಟ್ಟಿ ಮನುಷ್ಯನನ್ನು ಹುಡುಕಿಕೊಂಡು ಹೋದವರು ಇವರು. ಮೈ ಹಿಡಿಸದೆ ಹೋದ ಇನೋಯೆಯದ್ದೂ ನ್ಯಾಯವೇ. ತನ್ನ ತೂಕದಲ್ಲಿ ತನಗಾಗಿ ಕಾಯುತ್ತಿದ್ದವನಿಂದ ತಪ್ಪಿಸಿಕೊಂಡು, ಮೇಲೆ ಖಾಲಿ ಬಿದ್ದ ಬೆಲ್ಟ್ ಎತ್ತಿಕೊಂಡವನನ್ನು ಇವರ ಸಾಲಿನಲ್ಲಿ ಕೂರಿಸಬೇಡಿ ಅನ್ನುವುದು ನನ್ನ ಮಾತು.

ಹಳೇ ಗ್ಲೌಸ್ ಸರ್, ನಿಮಗೆ ಒಂದು ಪ್ರಶ್ನೆ. 64ರಲ್ಲಿ ಆ ಒಂದು ವರ್ಷ ಕ್ಲಿಂಚ್‌ಗೆ ಏನು ಅಭ್ಯಾಸ ಮಾಡಿದಿರಿ? ನಮ್ಮ ಹುಡುಗನೊಬ್ಬ ಈಗಷ್ಟೇ ಮೇಲಿನ ತೂಕಕ್ಕೆ ಹೋಗಿದ್ದಾನೆ. ಅವನೂ ಇದನ್ನೇ ಹೇಳುತ್ತಿದ್ದಾನೆ, ಒರಗಿದರೆ ಕಾಲು ಹೋಗುತ್ತದೆ ಅಂತ.

ಹಳೇ ಗ್ಲೌಸ್:

ಸ್ಪಾರಿಂಗ್‌ನಲ್ಲಿ ಅವನಿಗಿಂತ ಎಂಟು ಹತ್ತು ಕೆಜಿ ಜಾಸ್ತಿ ಇರುವವನನ್ನು ಹಾಕಿ. ಪೆಟ್ಟು ಬೇಡ, ಬರೀ ಒರಗಿ ತಳ್ಳಾಟ, ಮೂರು ನಿಮಿಷದ ರೌಂಡ್. ತಲೆ ಎದುರಾಳಿಯ ಗದ್ದದ ಕೆಳಗೆ ಇರಲಿ, ಕೈ ಅವನ ತೋಳಿನ ಒಳಗಡೆ ಇರಲಿ. ಹಿಂದಕ್ಕೆ ತಳ್ಳಬಾರದು, ಪಕ್ಕಕ್ಕೆ ತಿರುಗಬೇಕು. ಎಷ್ಟು ವಯಸ್ಸು ಹುಡುಗನಿಗೆ?